ಹೊಸಪೇಟೆಯ ಅಂಗಳಕ್ಕೆ ಯಾವ ಹುಲ್ಲು?

ಹಂಪೆಯ ಕಮಲಮಹಲಿನ ಸುತ್ತಲಿನ ಹಸಿರನ್ನು ಕಂಡು ಬಂದವರಿಗೆ ತಮ್ಮ ಮನೆಯ ಮುಂದಿನ ಬೋಳು ನೆಲ ಬೇಸರವನ್ನುಂಟುಮಾಡುವುದು ಸಹಜ. ಹುಲ್ಲುಹಾಸಿನ ಆಸೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕಾಗಿ ಬಣ್ಣದ ಚಿತ್ರವನ್ನು ನೋಡಿ ಶೀತದೇಶದ ಬೀಜವನ್ನು ಕೊಳ್ಳುವುದು ಹೊಸಪೇಟೆಯಲ್ಲಾಗಲಿ, ಸಂಡೂರು ಕಂಪ್ಲಿಗಳಲ್ಲಾಗಲಿ ಶುದ್ಧ ಅವಿವೇಕವೆಂದೇ ನಮ್ಮ ಅಭಿಪ್ರಾಯ.

ಆ ಅವಿವೇಕವನ್ನು ನಾವೂ ಮಾಡಿದ್ದುಂಟು. ಒಂದು ಡಿಸೆಂಬರಿನಲ್ಲಿ, ಅಂಗಳದ ಗರಿಕೆ ಅಲ್ಲಲ್ಲಿ ತೆಳುವಾದುದನ್ನು ಕಂಡು, ಅದನ್ನು ಕೀಳದೆ ಅದರ ಮೇಲೆಯೇ ರೈ ಹುಲ್ಲಿನ ಬೀಜವನ್ನು ಚೆಲ್ಲಿದೆವು. ವಾರದೊಳಗೆ ಮೊಳಕೆ ಒಡೆಯಿತು. ಜನವರಿಯಲ್ಲಿ ದಾರಿಹೋಕರು ನಿಂತು ನೋಡುವಷ್ಟು ಹಸಿರು. ಮಾರ್ಚ್ ಮುಗಿಯುವುದರೊಳಗೆ, ದಿನಕ್ಕೆರಡು ಸಲ ನೀರೆರೆದರೂ, ಅಷ್ಟೂ ಒಣಹುಲ್ಲಾಯಿತು.

ಕಾರಣವು ಎಲೆಯೊಳಗೆ ಇದೆ. ರೈ, ಫೆಸ್ಕ್ಯೂ, ಬ್ಲೂಗ್ರಾಸ್ ಮೊದಲಾದ ಶೀತವಲಯದ ಹುಲ್ಲುಗಳು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ನೇರವಾಗಿ ಹಿಡಿದು ಮೂರು ಇಂಗಾಲದ ಪರಮಾಣುಗಳುಳ್ಳ ಸಂಯುಕ್ತವನ್ನು ರಚಿಸುತ್ತವೆ. ಈ ಕೆಲಸವನ್ನು ಮಾಡುವ ಕಿಣ್ವಕ್ಕೆ ಒಂದು ದೌರ್ಬಲ್ಯವುಂಟು: ಉಷ್ಣಾಂಶ ಏರಿದಂತೆಲ್ಲ ಅದು ಡೈ ಆಕ್ಸೈಡಿಗೆ ಬದಲಾಗಿ ಆಮ್ಲಜನಕವನ್ನು ಹಿಡಿಯುವ ತಪ್ಪನ್ನು ಹೆಚ್ಚು ಹೆಚ್ಚಾಗಿ ಮಾಡುತ್ತದೆ. ಗಳಿಸಿದ ಇಂಗಾಲದಲ್ಲಿ ಒಂದು ಪಾಲು ಹೀಗೆ ವ್ಯರ್ಥವಾಗುತ್ತದೆ. ಗರಿಕೆಯ ಮಾರ್ಗ ಬೇರೆ. ಅದು ಮೊದಲು ನಾಲ್ಕು ಇಂಗಾಲದ ಸಂಯುಕ್ತವನ್ನು ರಚಿಸಿ, ಎಲೆಯ ನಾಳಗಳನ್ನು ಸುತ್ತುವರಿದ ಕೋಶಗಳಿಗೆ ಸಾಗಿಸಿ, ಅಲ್ಲಿ ಡೈ ಆಕ್ಸೈಡನ್ನು ದಟ್ಟವಾಗಿ ಬಿಡುಗಡೆ ಮಾಡುತ್ತದೆ. ಕಿಣ್ವವು ತಪ್ಪು ಮಾಡಲು ಅವಕಾಶವೇ ಕಡಿಮೆ. ಆದುದರಿಂದ ಪತ್ರರಂಧ್ರಗಳನ್ನು ಕಿರಿದಾಗಿಟ್ಟುಕೊಂಡು ನೀರನ್ನು ಉಳಿಸಲೂ ಅದಕ್ಕೆ ಸಾಧ್ಯ. ಈ ಮಾರ್ಗವು ಬೆಳಕಿಗೆ ಬಂದುದು ಕಬ್ಬಿನ ಎಲೆಯ ಅಧ್ಯಯನದಿಂದ. 1965ರಲ್ಲಿ ಹವಾಯಿಯ ಕೊರ್ಟ್‌ಶಾಕ್ ಮತ್ತು ಸಂಗಡಿಗರು, 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಕಂಪ್ಲಿಯ ಬಯಲಿನಲ್ಲಿ ನಿಂತ ವಿದ್ಯಾರ್ಥಿಯು ಎರಡು ಮಾರ್ಗಗಳನ್ನೂ ಅಕ್ಕಪಕ್ಕದಲ್ಲಿಯೇ ಕಾಣಬಹುದು: ಕಬ್ಬು ಗರಿಕೆಯ ದಾರಿಯದು, ಬತ್ತ ರೈ ಹುಲ್ಲಿನ ದಾರಿಯದು.

ಹಾಗಾದರೆ ಗರಿಕೆಯ ಮೇಲೆ ರೈ ಬಿತ್ತುವ ಪದ್ಧತಿ ಹುಟ್ಟಿದ್ದಾದರೂ ಏಕೆ? ಅಮೆರಿಕದ ದಕ್ಷಿಣ ಭಾಗದಲ್ಲಿ ಚಳಿಗಾಲದ ಹಿಮಕ್ಕೆ ಗರಿಕೆ ಕಂದಾಗಿ ನಿದ್ರಿಸುತ್ತದೆ. ಆ ಕೆಲವು ತಿಂಗಳ ಬಣ್ಣಕ್ಕಾಗಿ ಅಲ್ಲಿಯವರು ರೈ ಬಿತ್ತುತ್ತಾರೆ. ನಮ್ಮಲ್ಲಿ ಹಿಮವೆಲ್ಲಿ ಬೀಳುತ್ತದೆ? ಇಲ್ಲಿ ಗರಿಕೆ ಕಂದಾಗುವುದು ಬೇಸಗೆಯ ಒಣಗಾಳಿಗೆ. ಚಳಿಯ ಔಷಧವನ್ನು ಬಿಸಿಲಿನ ರೋಗಕ್ಕೆ ಕೊಟ್ಟಂತಾಯಿತು.

ಮರುಬಿತ್ತನೆ ಮಾಡಲೇಬೇಕಾದರೆ ಎರಡು ಹದಮಳೆ ಬಿದ್ದ ಮೇಲೆ, ಗರಿಕೆಯ ಬೀಜವನ್ನೇ ಬಿತ್ತಬೇಕು. ಇದ್ದ ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಹಲ್ಲುಗುದ್ದಲಿಯಿಂದ ನೆಲವನ್ನು ಗೀರಿ, ಬೀಜವನ್ನು ಮರಳಿನೊಡನೆ ಬೆರೆಸಿ ಚೆಲ್ಲುವುದು. ಒಂದು ಗ್ರಾಮಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬೀಜಗಳಿರುವುದರಿಂದ ಮರಳಿಲ್ಲದೆ ಸಮನಾಗಿ ಬೀಳುವುದು ಕಷ್ಟ. ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋದ ಬೀಜ ಮೇಲೇಳುವುದು ಅಪರೂಪ. ಸಂಡೂರಿನ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗಿಹೋಗುವುದರಿಂದ ಕೊಟ್ಟಿಗೆ ಗೊಬ್ಬರ ಬೇಕು. ಕಂಪ್ಲಿಯ ಎರೆಮಣ್ಣಿನಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು. ಬೇವಿನ ನೆರಳಿನಲ್ಲಿ ಮಾತ್ರ ಯಾರೂ ಗರಿಕೆ ಬಿತ್ತದಿರಲಿ. ಅದಕ್ಕೆ ಬಿಸಿಲೇ ಅನ್ನ.

ಇನ್ನು ನೀರಿನ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರೆಂದರೆ ಒಂದು ಲೀಟರು. ಬೇಸಗೆಯಲ್ಲಿ ಹುಲ್ಲು ದಿನಕ್ಕೆ ಐದು ಮಿಲಿಮೀಟರು ಆವಿಯಾಗಿಸುವುದೆಂದು ಹಿಡಿದರೆ ನೂರು ಚದರ ಮೀಟರಿಗೆ 500 ಲೀಟರು ಬೇಕು. ನಗರಗಳ ನೀರು ಪೂರೈಕೆಗೆ ನಮ್ಮ ದೇಶದಲ್ಲಿ ಗೊತ್ತುಪಡಿಸಿದ ಮಾನ ತಲೆಗೆ 135 ಲೀಟರು. ಅಂದರೆ ಸುಮಾರು ನಾಲ್ವರ ನೀರು. ಅಷ್ಟನ್ನು ಆವಿಯಾಗಿಸಲು ತಗಲುವ ಶಾಖ ಸುಮಾರು 340 ಯೂನಿಟ್ ವಿದ್ಯುತ್ತಿಗೆ ಸಮ! ಹುಲ್ಲಿನ ಮೇಲೆ ಸಂಜೆ ತಂಪೆನಿಸುವುದು ಇದರಿಂದಲೇ. ಆ ತಂಪು ನಿಜವಾದುದೇ. ಅದರ ಬೆಲೆಯೂ ನಿಜವಾದುದೇ. ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರು ಪಟ್ಟ ಆತಂಕವನ್ನು ನಾವೆಲ್ಲ ಕಂಡಿದ್ದೇವೆ. ಅಂಗಳದ ಹಸಿರಿಗೆ ಏಪ್ರಿಲಿನಲ್ಲಿ ಕೊಳಾಯಿ ಬಿಡಲು ನಮಗೆ ಆ ಬಳಿಕ ಮನಸ್ಸಾಗಿಲ್ಲ.

ಈಗ ನಮ್ಮ ಮನೆಯ ಮುಂದೆ ಹತ್ತು ಚದರ ಮೀಟರು ಗರಿಕೆ ಮಾತ್ರ ಇದೆ. ಬೇಸಗೆಯಲ್ಲಿ ಅದು ಗೋಣಿಯ ಬಣ್ಣಕ್ಕೆ ತಿರುಗುತ್ತದೆ, ಬಂದವರು "ಹುಲ್ಲು ಸತ್ತಿತೇ?" ಎಂದು ಕೇಳುತ್ತಾರೆ. ನೆಲದೊಳಗಿನ ಕಾಂಡ ಬದುಕಿರುತ್ತದೆ. ಮೊದಲ ಮಳೆ ಬಿದ್ದು ಕೆಲವು ದಿನಗಳಾದ ಮೇಲೆ ಬಂದು ನೋಡಿರೆಂದು ಅವರಿಗೆ ಹೇಳಿ ಕಳುಹಿಸುತ್ತೇವೆ.