ಅವಳಿಗೂ ಒಂದು ಹೆಸರುಂಟು

ಮದುವೆ ಮಾತುಕತೆಗೆ ಬಂದವರು ಚಹಾ ಕುಡಿದು ಎದ್ದು ಹೋಗುವಾಗ ಗೇಟಿನ ಹತ್ತಿರ ಒಂದು ಮಾತು ಕೇಳಿಬರುತ್ತದೆ: ‘ಹುಡುಗಿಯೇನೋ ಒಳ್ಳೆಯವಳೇ. ಆದರೆ ಆ ಮನೆಯಲ್ಲಿ ಒಂದು ಕುಂಟಿ ಉಂಟಲ್ಲ, ಎಂತ ಮಾಡುವುದು?’ ನಮ್ಮಲ್ಲಿ ಎಷ್ಟೋ ಮಂದಿ ಈ ಮಾತನ್ನು ಕೇಳಿದ್ದೇವೆ. ಕೆಲವರು ಆಡಿಯೂ ಇದ್ದೇವೆ. ‘ಒಬ್ಬಳು ಇದ್ದಾಳೆ’ ಎನ್ನುವುದಿಲ್ಲ, ‘ಒಂದು ಉಂಟು’ ಎನ್ನುತ್ತೇವೆ. ಮನುಷ್ಯಳನ್ನು ಸಾಮಾನು ಮಾಡಲು ಇಷ್ಟೇ ಸಾಕು. ಆಚೆ ಕೋಣೆಯಲ್ಲಿ ಕೂತ ಆ ಹುಡುಗಿಗೆ ಉಪ್ಪ ಇಟ್ಟ ಹೆಸರೊಂದಿದೆ. ಅದನ್ನು ಊರು ಮರೆತು ಎಷ್ಟೋ ವರ್ಷವಾಯಿತು.

ನಮ್ಮ ಮನೆಗಳ ಮಾತು ಕೇಳಿಸಿಕೊಳ್ಳಿ. ಕೆಲಸ ಬೇಗ ಅರ್ಥವಾಗದವಳು ‘ಪೊಟ್ಟಿ’. ಕರೆದಾಗ ತಿರುಗದವಳು ‘ಕೆಪ್ಪಿ’. ಸಿಟ್ಟಿನಲ್ಲಿ ಎದುರು ಮಾತಾಡಿದವಳು ‘ಹುಚ್ಚಿ’. ಪತ್ರಿಕೆಯವರಾದ ನಾವೂ ಕಡಿಮೆಯಿಲ್ಲ. ಅಧಿಕಾರಿ ಕೆಲಸ ಮಾಡದಿದ್ದರೆ ‘ಕುಂಟು ನೆಪ’, ‘ಜಾಣಕುರುಡು’ ಎಂದು ದಪ್ಪಕ್ಷರದಲ್ಲಿ ಹಾಕುತ್ತೇವೆ. ತಪ್ಪು ಮಾಡಿದವನಿಗೆ ಕೈಕಾಲು, ಕಣ್ಣು, ಕಿವಿ ಎಲ್ಲ ಸರಿಯಾಗಿಯೇ ಇರುತ್ತದೆ. ಬೈಗುಳ ಮಾತ್ರ ತಪ್ಪೇ ಮಾಡದವರಿಂದ ಸಾಲ ತಂದದ್ದು.

ಮದ್ರಸದಲ್ಲಿ ಪಾಠ ಹೇಳುವ ನಾವು ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ತರಗತಿಯಲ್ಲಿ ಒಂದು ಹುಡುಗಿ ಎಷ್ಟು ಹೇಳಿದರೂ ಓದು ಒಪ್ಪಿಸುತ್ತಿರಲಿಲ್ಲ. ಬೇಸರದಲ್ಲಿ ನಾವು ‘ಪೊಟ್ಟಿ’ ಎಂದುಬಿಟ್ಟೆವು. ಮಕ್ಕಳು ನಕ್ಕರು. ಮಾರನೇ ದಿನದಿಂದ ಅವಳಿಗೆ ಅದೇ ಹೆಸರಾಯಿತು. ಅವಳಿಗೆ ಒಂದು ಕಿವಿ ಸರಿಯಾಗಿ ಕೇಳುವುದಿಲ್ಲ ಎಂದು ನಮಗೆ ಗೊತ್ತಾಗುವಾಗ ಅವಳು ಮದ್ರಸಕ್ಕೆ ಬರುವುದನ್ನೇ ಬಿಟ್ಟಿದ್ದಳು. ಮುಂದಿನ ಬೆಂಚಿನಲ್ಲಿ ಕೂರಿಸಿದ್ದರೆ ಮುಗಿಯುತ್ತಿದ್ದ ವಿಷಯ ಅದು. ಉಸ್ತಾದರ ನಾಲಿಗೆಯಿಂದ ಬಿದ್ದ ಮಾತಿಗೆ ಊರಿನಲ್ಲಿ ಮುದ್ರೆ ಬೀಳುತ್ತದೆ ಎಂಬುದು ನಮಗೆ ತಡವಾಗಿ ಅರ್ಥವಾಯಿತು.

ವೈಕಲ್ಯ ಗಂಡಿಗೂ ಬರುತ್ತದೆ, ಹೆಣ್ಣಿಗೂ ಬರುತ್ತದೆ. ಆದರೆ ಸಮಾಜದ ತಕ್ಕಡಿ ಬೇರೆ ಬೇರೆ. ಕಾಲು ಎಳೆದು ನಡೆಯುವ ಹುಡುಗನಿಗೆ ಯಾವುದಾದರೂ ಬಡ ಮನೆಯ ಆರೋಗ್ಯವಂತ ಹುಡುಗಿಯನ್ನು ಹುಡುಕುತ್ತಾರೆ, ‘ಅವನನ್ನು ನೋಡಿಕೊಳ್ಳಲು ಒಬ್ಬಳು ಬೇಕಲ್ಲ’ ಎನ್ನುತ್ತಾರೆ. ಅದೇ ಕಾಲು ಹುಡುಗಿಯದ್ದಾದರೆ ಚಿನ್ನದ ಪವನು ಏರುತ್ತದೆ, ಇಲ್ಲವೇ ಅವಳ ಇಬ್ಬರಷ್ಟು ಪ್ರಾಯದ ಎರಡನೇ ಸಂಬಂಧದವನು ಬರುತ್ತಾನೆ. ‘ಅಷ್ಟಾದರೂ ಸಿಕ್ಕಿತಲ್ಲ’ ಎಂದು ಅವಳೇ ಶುಕ್ರ್ ಹೇಳಬೇಕು! ಅವಳನ್ನು ನೋಡಿಕೊಳ್ಳಲು ಒಬ್ಬ ಬೇಕು ಎಂದು ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ.

ಓದಿನ ಲೆಕ್ಕವೂ ಇದನ್ನೇ ಹೇಳುತ್ತದೆ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಅವರಲ್ಲಿ 1.18 ಕೋಟಿ ಹೆಣ್ಣುಮಕ್ಕಳು. ವಿಕಲಚೇತನ ಗಂಡಸರಲ್ಲಿ ನೂರಕ್ಕೆ 62 ಮಂದಿ ಅಕ್ಷರ ಬಲ್ಲವರಾದರೆ ಹೆಂಗಸರಲ್ಲಿ 45 ಮಾತ್ರ. ಎರಡರ ನಡುವಿನ ಈ ಅಂತರವನ್ನು ತಂದದ್ದು ಕಾಲಲ್ಲ, ಕಣ್ಣಲ್ಲ. ‘ಅವಳು ಓದಿ ಎಂತ ಮಾಡಲಿಕ್ಕುಂಟು?’ ಎಂಬ ಮಾತು.

ಇನ್ನು ಮಗು ಹುಟ್ಟಿದಾಗ. ದೂರು ನೇರ ಉಮ್ಮನ ಮೇಲೆ. ಗ್ರಹಣದ ಹೊತ್ತಿಗೆ ಹೊರಗೆ ಹೋಗಿದ್ದಳಂತೆ, ಯಾರದೋ ಶಾಪವಂತೆ, ಅವಳ ಮನೆಯವರ ರಕ್ತವೇ ಹಾಗಂತೆ. ನಮ್ಮದೇ ಜಿಲ್ಲೆಯ ಕೊಕ್ಕಡದ ಕಡೆ, ಪಕ್ಕದ ಕಾಸರಗೋಡಿನಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಆ ಊರುಗಳ ಮಕ್ಕಳನ್ನು ಸರಕಾರವೇ ಸಂತ್ರಸ್ತರೆಂದು ಗುರುತಿಸಿ ಮಾಸಾಶನ ಕೊಡುತ್ತಿದೆ. ಅಲ್ಲಿಯ ಒಬ್ಬ ತಾಯಿಯ ಎದುರು ನಿಂತು ‘ಇದು ನಿನ್ನ ಪಾಪದ ಫಲ’ ಎನ್ನುವ ಹಕ್ಕು ಯಾರಿಗುಂಟು? ಆ ಮಕ್ಕಳನ್ನು ಹಗಲು ರಾತ್ರಿ ಎತ್ತಿ, ತೊಳೆದು, ಉಣಿಸಿದ್ದು ಅದೇ ತಾಯಂದಿರ ಕೈಗಳು. ನಾವು ಅವರಿಗೆ ‘ಸಬ್ರ್ ಮಾಡಿ, ಸ್ವರ್ಗ ಸಿಗುತ್ತದೆ’ ಎನ್ನುತ್ತೇವೆ. ಮಾತು ಸುಳ್ಳಲ್ಲ. ಆದರೆ ಸಬ್ರ್ ಹೆಂಗಸರಿಗೆ ಮಾತ್ರ ಬಂದ ಆದೇಶವೇ? ಒಂದು ರಾತ್ರಿ ಉಪ್ಪ ಎದ್ದು ಮಗುವಿನ ಬಟ್ಟೆ ಬದಲಿಸಿದರೆ ಅವನಿಗೂ ಪ್ರತಿಫಲ ಉಂಟು.

ದೀನ್ ಈ ಬಗ್ಗೆ ಸುಮ್ಮನಿಲ್ಲ. ಸೂರಾ ಅಲ್ ಹುಜುರಾತ್‌ನ 11ನೇ ಆಯತ್ ಪರಸ್ಪರ ಗೇಲಿ ಮಾಡುವುದನ್ನು, ಅಡ್ಡಹೆಸರಿಟ್ಟು ಕರೆಯುವುದನ್ನು ತಡೆಯುತ್ತದೆ. ಅಲ್ಲಿ ಹೆಂಗಸರನ್ನು ಬೇರೆಯಾಗಿ ಹೆಸರಿಸಿಯೇ ಹೇಳಲಾಗಿದೆ. ಬೀವಿ ಆಯಿಷಾ(ರ) ಒಮ್ಮೆ ಬೀವಿ ಸಫಿಯ್ಯಾ(ರ) ಅವರ ಗಿಡ್ಡ ಮೈಕಟ್ಟಿನ ಬಗ್ಗೆ ಒಂದು ಮಾತು ಆಡಿದಾಗ, ಆ ಮಾತನ್ನು ಕಡಲಿಗೆ ಬೆರೆಸಿದರೆ ಕಡಲ ನೀರೇ ಕೆಟ್ಟೀತು ಎಂಬರ್ಥದಲ್ಲಿ ಪ್ರವಾದಿ(ಸ) ಎಚ್ಚರಿಸಿದರು. ಕಡಲ ದಂಡೆಯಲ್ಲಿ ಬದುಕುವ ನಮಗೆ ಆ ಹೋಲಿಕೆಯ ತೂಕ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗಬೇಕು.

ವಅಳ್‌ಗಳಲ್ಲಿ ನಾವು ದೃಷ್ಟಿಯಿಲ್ಲದ ಸ್ವಹಾಬಿ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್(ರ) ಅವರ ಕಥೆ ಹೇಳುತ್ತೇವೆ. ಅವರು ಮದೀನಾದಲ್ಲಿ ಅಝಾನ್ ಕೊಟ್ಟವರು, ಪ್ರವಾದಿ(ಸ) ಊರಲ್ಲಿ ಇಲ್ಲದಾಗ ಊರಿನ ಹೊಣೆ ಹೊತ್ತವರು. ಆದರೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಬರುವ ಒಬ್ಬ ಹೆಂಗಸಿನ ಕಥೆ ಅಷ್ಟಾಗಿ ಕೇಳಿಬರುವುದಿಲ್ಲ. ಮೂರ್ಛೆರೋಗವಿದ್ದ ಆಕೆ ತಾನೇ ಬಂದು ಪ್ರವಾದಿ(ಸ) ಅವರಲ್ಲಿ ಕಷ್ಟ ಹೇಳಿಕೊಂಡಳು. ಅವರು ಆಕೆಯನ್ನು ಗದರಲಿಲ್ಲ, ಗಂಡಸರನ್ನು ಕರೆಸಿ ಕೇಳಲಿಲ್ಲ. ಸಹಿಸಿಕೊಂಡರೆ ಸ್ವರ್ಗ, ಬೇಕೆಂದರೆ ಗುಣವಾಗಲು ದುಆ ಎಂದು ಎರಡು ದಾರಿ ಆಕೆಯ ಮುಂದಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡಳು, ಜೊತೆಗೆ ತನ್ನದೊಂದು ಬೇಡಿಕೆ ಇಟ್ಟಳು: ಮೂರ್ಛೆ ಬಂದಾಗ ಮೈಮೇಲಿನ ಬಟ್ಟೆ ಸರಿಯದಂತೆ ದುಆ ಮಾಡಬೇಕು. ಆ ದುಆ ಅವರು ಮಾಡಿದರು. ಮುಂದೆ ಇಬ್ನ್ ಅಬ್ಬಾಸ್(ರ) ಆಕೆಯನ್ನು ತೋರಿಸಿದ್ದು ‘ಮೂರ್ಛೆಯವಳು’ ಎಂದಲ್ಲ, ಸ್ವರ್ಗದ ಹೆಣ್ಣು ಎಂದು. ನಿನಗೆ ಏನು ಬೇಕು ಎಂದು ಆಕೆಯನ್ನೇ ಕೇಳಿದ್ದು, ಆಕೆಯ ಮಾನವನ್ನು ಕಾಯ್ದದ್ದು, ಇವೆರಡರಲ್ಲಿ ನಮ್ಮ ಮನೆಗಳು ಇವತ್ತು ಎಷ್ಟು ಮಾಡುತ್ತಿವೆ?

ಕಾನೂನು ಕೂಡ ಈಗ ಗಟ್ಟಿಯಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸಾರ್ವಜನಿಕರೆದುರು ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ ಉಂಟು. ಸಿನೆಮಾಗಳಲ್ಲಿ ಅವರನ್ನು ನಗೆಪಾಟಲು ಮಾಡುವ ಬಗ್ಗೆ 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿದೆ. ಆದರೆ ಗೇಟಿನ ಹತ್ತಿರದ ಪಿಸುಮಾತಿಗೆ ಪೊಲೀಸರು ಬರುವುದಿಲ್ಲ. ಅದನ್ನು ನಾವೇ ನಿಲ್ಲಿಸಬೇಕು.

ಹೆಸರು ಬದಲಿಸಿದರೆ ಸಾಕು ಎಂದೂ ಅಲ್ಲ. ಅಂಗವಿಕಲ ಹೋಗಿ ವಿಕಲಚೇತನ ಬಂತು, ವಿಶೇಷಚೇತನ ಬಂತು, ದಿವ್ಯಾಂಗವೂ ಬಂತು. ಮದುವೆ ಹಾಲ್‌ನಲ್ಲಿ ಹೆಂಗಸರ ಊಟ ಮಹಡಿಯ ಮೇಲಿದ್ದು, ಹತ್ತಲು ಮೆಟ್ಟಿಲು ಮಾತ್ರ ಇದ್ದರೆ, ಕೆಳಗೆ ಕಾರಿನಲ್ಲೇ ಕೂತ ಹುಡುಗಿಗೆ ಯಾವ ಹೆಸರಿಟ್ಟರೇನು? ಪ್ಲೇಟು ಕಾರಿಗೆ ತಂದುಕೊಡುವುದು ಕರುಣೆ. ಕೆಳಗಿನ ಅಂತಸ್ತಿನಲ್ಲೊಂದು ಸಾಲು ಹಾಕುವುದು ನ್ಯಾಯ.

ಜಮಾಅತ್ ಕಮಿಟಿಗಳು ಬೇರೆ ಕೆಲವನ್ನೂ ಮಾಡಬಹುದು. ಮಹಲ್ಲ್‌ನಲ್ಲಿ ಇಂಥ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರೆಂದು ಮನೆಮನೆಗೆ ಹೋಗಿ ಕೇಳಲಿ. ಯುಡಿಐಡಿ ಕಾರ್ಡ್ ಇಲ್ಲದವರಿಗೆ ಅರ್ಜಿ ಹಾಕಿಸಲಿ. ಗ್ರಾಮ ಪಂಚಾಯತ್‌ನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುವುದೇ ಇದಕ್ಕೆ. ಮದ್ರಸದ ಕೆಳಗಿನ ಕೋಣೆ ಆ ಮಕ್ಕಳಿಗೆ ಸಿಗಲಿ. ಉಪ್ಪನ ಆಸ್ತಿ ಹಂಚುವಾಗ ‘ಅವಳಿಗೆ ಯಾಕೆ, ನಾವು ನೋಡಿಕೊಳ್ಳುತ್ತೇವಲ್ಲ’ ಎಂದು ಅವಳ ಪಾಲು ನುಂಗುವ ಅಣ್ಣಂದಿರಿಗೆ ಖತೀಬರು ಮಿಂಬರ್‌ನಿಂದಲೇ ಹೇಳಲಿ: ಮೀರಾಸ್‌ನ ಪಾಲಿಗೆ ಕಾಲು ಗಟ್ಟಿ ಇರಬೇಕೆಂಬ ಷರತ್ತಿಲ್ಲ. ಸಂಬಂಧ ಬಂದಾಗ ಅವಳ ಒಪ್ಪಿಗೆಯನ್ನು ಅವಳಿಂದಲೇ ಕೇಳಲಿ.

ಮನೆಯಲ್ಲಿ ಮಾಡುವ ಕೆಲಸ ಇನ್ನೂ ಸಣ್ಣದು. ನಾಳೆ ಮಕ್ಕಳ ಬಾಯಲ್ಲಿ ‘ಪೊಟ್ಟಿ’ ಎಂದು ಬಂದರೆ, ನಗುವ ಬದಲು ಅವಳ ಹೆಸರೇನು ಎಂದು ಮಗುವನ್ನು ಕೇಳಿ. ಮಗುವಿಗೆ ಗೊತ್ತಿಲ್ಲದಿದ್ದರೆ ನೀವು ಹೇಳಿಕೊಡಿ. ನಿಮಗೂ ಗೊತ್ತಿಲ್ಲದಿದ್ದರೆ ಆ ಮನೆಗೆ ಹೋಗಿ ಅವಳನ್ನೇ ಕೇಳಿ ಬನ್ನಿ. ನಾವೂ ಒಂದು ಮನೆಗೆ ಹೋಗಿ ಕ್ಷಮೆ ಕೇಳುವುದು ಬಾಕಿ ಉಂಟು. ಇನ್ಶಾ ಅಲ್ಲಾಹ್, ಈ ವಾರವೇ ಹೋಗುತ್ತೇವೆ.