ಪಿಯಾನೋ ಸಂಗೀತ ಗಿಟಾರಿಗೆ ಬಂದರೆ ತಪ್ಪೇನು?

ಹೋದ ವರ್ಷ ಒಂದು ಅಂತರ ಕಾಲೇಜು ಸ್ಪರ್ಧೆಯಲ್ಲಿ ನಾನು ಹವಾಯಿಯನ್ ಗಿಟಾರ್ ನುಡಿಸಿದೆ. ಆರಿಸಿಕೊಂಡದ್ದು ಫ್ರಾನ್ಸಿನ ಎರಿಕ್ ಸತಿ 1888ರಲ್ಲಿ ಪಿಯಾನೋಗಾಗಿ ರಚಿಸಿದ ಮೊದಲನೇ ‘ಜಿಮ್ನೊಪೆಡಿ’. ಮುಗಿದ ಮೇಲೆ ತೀರ್ಪುಗಾರರೊಬ್ಬರು, “ಇದು ಪಿಯಾನೋ ಕೃತಿ. ಗಿಟಾರಿನಲ್ಲಿ ನುಡಿಸಿದರೆ ಮೂಲ ಕೆಡುತ್ತದೆ. ಇದು ಯಾವ ವಿಭಾಗಕ್ಕೂ ಸೇರುವುದಿಲ್ಲ” ಎಂದು ಅಂಕವನ್ನೇ ಕೊಡಲಿಲ್ಲ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಮಾತು ಸರಿಯೇ ಎಂಬ ಪ್ರಶ್ನೆ ಇನ್ನೂ ಕಾಡುತ್ತಿದೆ.

ಗಿಟಾರ್ ಪಿರಿಯಾಪಟ್ಟಣದ ನನ್ನ ಮಾಮೂ ಅವರದು. ಅವರು ಹಿಂದೆ ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ಅವರು ಇದೇ ವಾದ್ಯದಲ್ಲಿ ನುಡಿಸಿದ ಹಿಂದಿ ಚಿತ್ರಗೀತೆಗಳನ್ನು ಕೇಳಿ ಕಲಿತರು. ಇದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ಅಮೆರಿಕದ ಪೆಡಲ್ ಸ್ಟೀಲ್ ಗಿಟಾರ್ ಇದರಿಂದಲೇ ಬೆಳೆದದ್ದು. ಅದರಲ್ಲಿ ಸಾಮಾನ್ಯವಾಗಿ 10 ತಂತಿಗಳು. ಕಾಲಿನ ಪೆಡಲ್, ಮಂಡಿಯ ಲಿವರ್ ಒತ್ತಿ ಬೇಕಾದ ತಂತಿಯ ಸ್ವರವನ್ನಷ್ಟೇ ಏರಿಸಬಹುದು, ಇಳಿಸಬಹುದು. ನನ್ನ ಆರು ತಂತಿಗಳ ಗಿಟಾರಿಗೆ ಆ ಸೌಕರ್ಯವಿಲ್ಲ. ಸರಳು ಸರಿಸಿದರೆ ಎಲ್ಲ ತಂತಿಗಳೂ ಒಟ್ಟಿಗೇ ಏರುತ್ತವೆ.

ಕಷ್ಟ ಶುರುವಾಗುವುದೇ ಇಲ್ಲಿ. ಪಿಯಾನೋಗೆ ಹತ್ತು ಬೆರಳು. ನನಗೆ ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳು. ಸತಿಯ ಕೃತಿಯಲ್ಲಿ ಎಡಗೈ ಮೊದಲು ಒಂದು ಮಂದ್ರ ಸ್ವರ, ನಂತರ ಮೂರು ಸ್ವರಗಳ ಕಾರ್ಡ್ ನುಡಿಸುತ್ತದೆ. ಆ ಮೂರೂ ನನ್ನ ಶ್ರುತಿಯಲ್ಲಿ ಒಂದೇ ಸರಳಿನಡಿ ಸಿಗುವುದಿಲ್ಲ. ಹಾಗಾಗಿ ಎರಡನ್ನು ಉಳಿಸಿಕೊಂಡೆ. ಮೇಲಿನ ಧಾಟಿ ಬಂದು ಸೇರುವಲ್ಲಿ ಕಾರ್ಡನ್ನೇ ಬಿಟ್ಟೆ. ಏನು ಬಿಡಬೇಕೆಂದು ತೀರ್ಮಾನಿಸಲು ಎರಡು ತಿಂಗಳು ಹಿಡಿಯಿತು. ಪಡೆದದ್ದೂ ಇದೆ: ಪಿಯಾನೋದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗದು, ಗಿಟಾರಿನಲ್ಲಿ ಆಗುತ್ತದೆ. ಆ ಆಸೆಯಲ್ಲಿ ನಾನು ಅತಿಯಾಗಿ ಜಾರಿಸಿದಾಗ ಮಾಮೂ ಗದರಿದರು: “ಎಲ್ಲಾ ಕಡೆ ಜಾರಿಸಬೇಡ ಬೇಟಾ, ಈ ಧಾಟಿ ನಡೆಯುವಂಥದ್ದು.”

ತೀರ್ಪುಗಾರರ ಆತಂಕದಲ್ಲಿ ಸ್ವಲ್ಪ ಸತ್ಯವಿದೆ. ಎರಡೂ ಕೈ ವೇಗವಾಗಿ ಓಡುವ ಶೋಪನ್‌ನ ಕೃತಿಗಳನ್ನು ನನ್ನ ಗಿಟಾರಿಗೆ ತಂದರೆ ಕೆಡುವುದು ಖಚಿತ. ಆದರೆ ಕೆಲವು ಕೆಡುತ್ತವೆಂದು ಎಲ್ಲದಕ್ಕೂ ಬಾಗಿಲು ಹಾಕಬೇಕೇ?

ನಮ್ಮ ಜಿಲ್ಲೆಯನ್ನೇ ನೋಡಿ. ಪಿಟೀಲು ಪಶ್ಚಿಮದಿಂದ ಬಂದ ವಾದ್ಯ. ತಿರುಮಕೂಡಲಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿ ಕರ್ನಾಟಕ ಸಂಗೀತ ನುಡಿಸಿದರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥ್, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ಕೇಳಿಸಿದರು. ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು, ರಷ್ಯಾದ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದವರು. ಅವರೇ 94 ಕರ್ನಾಟಕ ಕೃತಿಗಳನ್ನೂ ರಚಿಸಿದರು. ಇವರನ್ನೆಲ್ಲ ಯಾವ ವಿಭಾಗಕ್ಕೆ ಸೇರಿಸೋಣ?

ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಅರ್ಜಿಯಲ್ಲೂ ‘ಭಾರತೀಯ’, ‘ಪಾಶ್ಚಾತ್ಯ’ ಎಂಬ ಎರಡೇ ಕಲಂಗಳಿವೆ. ಎಚ್.ಡಿ. ಕೋಟೆಯಿಂದ ಬರುವ ನನ್ನ ಸಹಪಾಠಿ ಕೀಬೋರ್ಡಿನಲ್ಲಿ ಜನಪದ ಗೀತೆ ನುಡಿಸುತ್ತಾನೆ. ಯಾವ ಕಲಂ ತುಂಬಬೇಕೆಂದು ತಿಳಿಯದೆ ಈ ಸಲ ಅರ್ಜಿಯನ್ನೇ ಹಾಕಲಿಲ್ಲ. ಆದ್ದರಿಂದ ಸಾಂಸ್ಕೃತಿಕ ಸಮಿತಿಯ ಉಪನ್ಯಾಸಕರಲ್ಲಿ ನನ್ನ ವಿನಂತಿ: ‘ಅಳವಡಿಕೆ’ ಎಂಬ ಮೂರನೇ ಕಲಂ ಸೇರಿಸಿ. ನುಡಿಸುವವರು ಮೊದಲು ಎರಡು ನಿಮಿಷ, ಮೂಲದಲ್ಲಿ ಏನನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂದು ಹೇಳಲಿ. ಆಮೇಲೆ ಕೇಳಿ ಅಂಕ ಕೊಡಿ. ಕಡಿಮೆ ಬಂದರೂ ಒಪ್ಪಿಕೊಳ್ಳುತ್ತೇವೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ