ಜೀರುಂಡೆಗೊಂದು ನಾಮಕರಣ

ಮಲೇಷ್ಯಾದ ಸಾಬಾ ರಾಜ್ಯದ ಮಲಿಯಾವು ಕಾಡಿನ ತೊರೆಯಲ್ಲಿ ಸಿಕ್ಕ, ಸುಮಾರು 3 ಮಿಲಿಮೀಟರ್ ಉದ್ದದ ಕಪ್ಪು ನೀರುಜೀರುಂಡೆಗೆ 2018ರಲ್ಲಿ ‘ಗ್ರೂವೆಲಿನಸ್ ಲಿಯೊನಾರ್ಡೊಡಿಕಾಪ್ರಿಯೊಯಿ’ ಎಂದು ಹೆಸರಿಟ್ಟರು. ಹೌದು, ಸಿನಿಮಾ ನಟನ ಹೆಸರೇ; ಆತನ ಪರಿಸರ ಕಾಳಜಿಗೆ ಸಂದ ಗೌರವ.

ಕೀಟ ಹಿಡಿದರಷ್ಟೇ ಸಾಲದು, ಮಕ್ಕಳೇ. ಈ ಬಗೆಯವು ಹೊರನೋಟಕ್ಕೆ ಒಂದೇ ಅಚ್ಚಿನಲ್ಲಿ ತೆಗೆದಂತಿರುತ್ತವೆ. ಗಂಡಿನ ಜನನಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿದಾಗಲೇ ವ್ಯತ್ಯಾಸ ಖಚಿತವಾಗುವುದು. ಬಳಿಕ ವಿವರಣೆ ಪ್ರಕಟವಾಗಬೇಕು, ಆಧಾರದ ಮಾದರಿಯೊಂದು ಸಂಗ್ರಹಾಲಯದಲ್ಲಿ ಉಳಿಯಬೇಕು. ಮುಂದೆ ಯಾರಿಗೇ ಅನುಮಾನ ಬಂದರೂ ಆ ಒಣಗಿದ ಕೀಟವೇ ಸಾಕ್ಷಿ!

ಇದರ ಬಳಗದವು ಮೈಯ ಸಣ್ಣ ರೋಮಗಳ ನಡುವೆ ಹಿಡಿದಿಟ್ಟ ಗಾಳಿಪೊರೆಯ ಮೂಲಕ ನೀರಿನ ಆಮ್ಲಜನಕ ಪಡೆಯುತ್ತವೆ. ಕೊಳೆ ಸೇರಿ ಆಮ್ಲಜನಕ ಕುಗ್ಗಿದ ತೊರೆಯಲ್ಲಿ ಇವು ಬದುಕುವುದು ಕಷ್ಟ. ಹೆಸರು ಸಿಗುವ ಮುನ್ನವೇ ಅಳಿದವುಗಳ ಲೆಕ್ಕ ಯಾರ ಬಳಿಯೂ ಇಲ್ಲ.